ಒಡೆದ ಮೊಳೆ

ಕೊಡಿಯಾಲಬೈಲಿನ ಅಚ್ಚುಕೂಟ ಮುಚ್ಚಿದ ದಿನ
ಸಂಬಳದ ಬಾಕಿಗೆಂದು ನನಗೆ ಸಿಕ್ಕಿದ್ದು
ಒಂದು ಗೋಣಿ ಸೀಸ.
ಮೂವತ್ತೊಂದು ವರ್ಷ ಈ ಬೆರಳು ಹೆಕ್ಕಿದ ಮೊಳೆಗಳು:
ಕೊಂಬು ಮುರಿದವು, ತಲೆಕಟ್ಟು ಸವೆದವು,
ದೀರ್ಘ ಕಳಕೊಂಡು ಗಿಡ್ಡವಾದವು.
ಗುಜರಿಯವ ಹೇಳಿದ ದರ ಕೇಳಿ
ಮಾತಾಡದೆ ರಿಕ್ಷಾ ಹತ್ತಿದೆ, ಗೋಣಿ ಕಾಲಡಿಗೆ.

ಮೂಡುಬೆಳ್ಳೆಯಲ್ಲಿ ಬೊನಿಫಾಸ್ ಬಾಪ್ಪು ಆಗ
ತನ್ನ ಲಿವರ್ ಬಂದೂಕಿನೊಡನೆ ಮುನಿಸಿಕೊಂಡಿದ್ದ.
ಕೆಳಗಿನ ಬಳೆ ಎಳೆದರೆ ಖಾಲಿ ತೋಟಾ ಹಾರುತ್ತದೆ,
ಮುಚ್ಚಿದರೆ ಹೊಸತು ಏರುತ್ತದೆ,
ನಮ್ಮ ಟ್ರೆಡಲ್ ಯಂತ್ರದ್ದೇ ಸದ್ದು.
ಲೈಸೆನ್ಸು ಹಂದಿಗೆಂದು, ಅಪ್ಪನ ಕಾಲದ್ದು.
ಅವನು ಹಂದಿಗೆ ಹೊಡೆದದ್ದನ್ನು ಕಂಡವರಿಲ್ಲ.
ಅವನಿಗೆ ಬೇಕಾದದ್ದು ಕಾಗದದಲ್ಲಿ ಐದು ತೂತು,
ಒಂದು ನಾಲ್ಕಾಣೆಯ ಅಗಲದೊಳಗೆ,
ಅಷ್ಟೇ.

ಮಲ್ಪೆಯಿಂದ ಹಳೆ ಬಲೆಯ ಸೀಸದ ಮಣಿ ತಂದು
ಮನೆಯ ಹಿಂದೆ ಕರಗಿಸಿ ಗುಂಡು ಹೊಯ್ಯುತ್ತಿದ್ದ.
ಕಲ್ಲು ತೆಗೆದು ಬಿಟ್ಟ ಕೋರೆಯಲ್ಲಿ ಹೊಡೆದರೆ
ಐದು ಗುಂಡಿಗೆ ಐದು ಊರು:
ಒಂದು ಶಿರ್ವದ ಕಡೆ, ಒಂದು ಕಟಪಾಡಿಯ ಕಡೆ,
ಒಂದು ಎಲ್ಲಿಗೆಂದು ಈಗಲೂ ಗೊತ್ತಿಲ್ಲ.
ಮೆತ್ತನೆ ಸೀಸ ನಳಿಗೆಗೆ ಮೆತ್ತಿಕೊಂಡು
ಉಜ್ಜಿ ಉಜ್ಜಿ ಬಾಪ್ಪುವಿನ ಹೆಗಲು ಹೋಯಿತು.

"ನಿನ್ನ ಅಕ್ಷರ ಗಟ್ಟಿ ಉಂಟಲ್ಲ ಲಾಲಿ,
ಅದರಲ್ಲಿ ತವರ ಉಂಟು, ಆಂಟಿಮನಿ ಉಂಟು.
ಒಂದು ಸೇರು ಕೊಡು ಮಾರಾಯ್ತಿ."

ಕೊಟ್ಟೆ.
ಬಾಣಲೆಯ ಬೆಳ್ಳಿಗಪ್ಪಿನ ಮೇಲೆ
ಒಂದು ಕ್ಷ ಸ್ವಲ್ಪ ಹೊತ್ತು ತೇಲಿತು.
ಆಮೇಲೆ ಯಾವುದು ಕ, ಯಾವುದು ಷ.
ಯಾರೂ ಕೇಳದ ೞ ಮಾತ್ರ ಹೊಸತರಂತಿತ್ತು,
ಅಂಚು ಬೆರಳಿಗೆ ಚುಚ್ಚುವಷ್ಟು.
ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡೆ.
ಉಳಿದದ್ದನ್ನು ಅವನು ಅಚ್ಚಿಗೆ ಹೊಯ್ದ.
ಅಚ್ಚು ಅನ್ನುವಾಗ ಇಬ್ಬರಿಗೂ ಬೇರೆ ಬೇರೆ ನೆನಪು.

ಗುಂಡುಗಳ ಮೂಗು ಎಲ್ಲ ಮೊಂಡು.
"ಚೂಪು ಯಾಕಿಲ್ಲ?" ಕೇಳಿದೆ.
ಈ ಬಂದೂಕಿನಲ್ಲಿ ತೋಟಾಗಳು ಕೊಳವೆಯೊಳಗೆ
ರೇಷನ್ ಅಂಗಡಿಯ ಸಾಲಿನಂತೆ ನಿಲ್ಲುತ್ತವಂತೆ,
ಹಿಂದಿನವನ ಮೂಗು ಮುಂದಿನವನ ಬೆನ್ನಿಗೆ.
ಚೂಪಾದರೆ ಸಾಲಿನಲ್ಲೇ ಜಗಳ.

ಗಟ್ಟಿಯಾಯಿತು. ಮೆತ್ತಿಕೊಳ್ಳುವುದು ನಿಂತಿತು.
ಗುರಿ ಮಾತ್ರ ಮೊದಲಿನಂತೆಯೇ ಚದುರಿತು.
ಮದ್ದು ಕಡಿಮೆ ಮಾಡಿದ, ಜೇನುಮೇಣ ಬದಲಿಸಿದ,
ಒಂದೊಂದು ಗುಂಡನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಿದ,
ಕೊನೆಗೆ ಗಾಳಿಗೆ ಬೈದ.

ನಾನು ಒಂದು ಗುಂಡು ತೆಗೆದು
ನಳಿಗೆಯ ಬಾಯಿಗೆ ಇಟ್ಟು ನೋಡಿದೆ.
ಕಂಪೋಜಿಂಗ್ ಕಡ್ಡಿಯಲ್ಲಿ ಸಾಲು ಸಡಿಲವಾದರೆ
ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ.
"ಬಾಪ್ಪು, ಇದು ಒಳಗೆ ಕುಣಿಯುತ್ತದೆ.
ಒಂದು ಕೂದಲು ದಪ್ಪ ಬೇಕು."
"ಅಚ್ಚಿನ ಮೇಲೆ ಅಳತೆ ಬರೆದುಂಟು!"
"ಅಳತೆ ಅಚ್ಚಿನದ್ದು. ನಳಿಗೆಯದ್ದು ಕೇಳಿದ್ದೀಯಾ?"

ಮೂರು ದಿನ ಮಾತು ಬಿಟ್ಟ.
ನಾಲ್ಕನೆಯ ದಿನ ಬಲೆಯ ಮೆತ್ತನೆ ಮಣಿಯೊಂದನ್ನು
ಖಾಲಿ ನಳಿಗೆಯಲ್ಲಿ ಮೆಲ್ಲನೆ ತಳ್ಳಿ ಹೊರತೆಗೆದು
ಪಾಂಗಾಳದ ಲೇತಿನವನ ಮೈಕ್ರೋಮೀಟರಿಗೆ ಹಿಡಿಸಿದ.
ಅಪ್ಪನ ಕಾಲದಿಂದ ಸವೆದು ಸವೆದು
ನಳಿಗೆ ಅಗಲವಾಗಿತ್ತು.
ಅಚ್ಚನ್ನು ಅಷ್ಟೇ ಅಗಲಿಸಿಕೊಂಡು ಬಂದ,
ನನಗೆ ಒಂದು ಪೊಟ್ಟಣ ಮಂಡಕ್ಕಿ ತಂದ,
ಮಾತು ತರಲಿಲ್ಲ.

ಗುರಿಗೆ ಕಟ್ಟಲು ನನ್ನ ಹಳೆ ಪ್ರೂಫು ಕೊಟ್ಟಿದ್ದೆ,
ಎಂಬತ್ತನಾಲ್ಕರ ಒಂದು ಮದುವೆ ಕಾಗದ.
ಕೋರೆಯ ಕೆಂಪು ಗೋಡೆ ಐದು ಸಲ ಗದರಿತು.
ಬಾಪ್ಪು ಓಡಲಿಲ್ಲ. ಬಳೆ ತೆರೆದಿಟ್ಟು, ಬಂದೂಕು ಮಲಗಿಸಿ,
ಕೊಂಕಣಿಯಲ್ಲಿ ಏನೋ ಗೊಣಗುತ್ತ ನಡೆದ.

ನಾಲ್ಕು ತೂತು ಒಂದರೊಳಗೊಂದು.
ಐದನೆಯದು ಬೆರಳಗಲ ಕೆಳಗೆ,
ಮದುಮಗನ ಹೆಸರಿನಲ್ಲಿ.
"ಹಾಳಾಯಿತು," ಅಂದ, "ಐದನೆಯದು ತಪ್ಪಿತು."

ನಾನು ಕನ್ನಡಕ ಏರಿಸಿ ನೋಡಿದೆ.
ಆ ಹೆಸರಿನ ಒತ್ತಕ್ಷರ ತಪ್ಪಾಗಿತ್ತು ಅಂದು,
ಮುನ್ನೂರು ಪ್ರತಿ ಮತ್ತೆ ಅಚ್ಚು ಹಾಕಿಸಿ
ನನ್ನ ಸಂಬಳದಿಂದ ಹಿಡಿದಿದ್ದರು.
ಈಗ ಅಲ್ಲಿ ತೂತು, ಅದರಾಚೆ ಕೋರೆಯ ಕೆಂಪು.

"ಇನ್ನೊಮ್ಮೆ ಹೊಡಿ," ಅಂದೆ.
ಕಾಗದ ಮಾತ್ರ ಬಿಚ್ಚಿ ಮಡಚಿಟ್ಟುಕೊಂಡೆ.