ಇಪ್ಪತ್ತು ಮೈಕ್ರೋಗ್ರಾಂ

ಹೊಗೆಯಾಡುವ ಪೆಟ್ಟಿಗೆ ಹೊತ್ತು ದಾವಲಸಾಬ ಬಂದಾಗ
ನವನಗರದಲ್ಲಿ ಕರೆಂಟಿರಲಿಲ್ಲ.
“ಏನೈತ್ರಿ ಮೇಡಂ ಇದ್ರಾಗ, ಐಸ್‌ಕ್ರೀಮೇನು?”
ಒಣ ಐಸು ಅರ್ಧ ಆವಿಯಾಗಿ
ಥರ್ಮೋಕೋಲಿನ ತಳದಲ್ಲೊಂದು ಸೀಸೆ,
ಕಿರುಬೆರಳಿನ ಗೆಣ್ಣಿನಷ್ಟು.
ಕಿಟಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.
ಚೀಟಿ ಮಾತ್ರ ಸ್ಪಷ್ಟ: ಮಾನವ ಪ್ರೋಟೀನು.
ಅದರ ಕೆಳಗೇ ಇರುವೆಯಕ್ಷರದಲ್ಲಿ:
ಮನುಷ್ಯರ ಬಳಕೆಗಲ್ಲ.

ಓದಿ ಹೇಳಿದೆ. ದಾವಲಸಾಬ ನಕ್ಕ.
“ನಮ್ಮ ಹೆಡ್ಡು ಸಾಹೇಬ್ರ ಹಂಗ ಅನ್ರಿ.”

ಯಾರ ಮೈಯಿಂದಲೂ ಬಂದದ್ದಲ್ಲ ಇದು.
ಕರುಳಿನೊಂದು ಬ್ಯಾಕ್ಟೀರಿಯದ ಕೈಗೆ
ನಮ್ಮ ಓಲೆ ಕೊಟ್ಟು, ಬರಿ ಅಂದರು.
ಅರ್ಥ ತಿಳಿಯದೆ ರಾತ್ರಿಯಿಡೀ ಬರೆಯಿತು ಪಾಪ;
ಬೆಳಿಗ್ಗೆ ಅದನ್ನೇ ಒಡೆದು, ಸೋಸಿ,
ಬಾಲಕ್ಕೆ ಪೋಣಿಸಿದ್ದ ಆರು ಮಣಿ ಹಿಡಿದು
ಇದೊಂದನ್ನೇ ಎಳೆದುಕೊಂಡರು.

ಇದರ ಕಸುಬು ಎಳೆ ಹಿಡಿಯುವುದು.
ಜೀವಕೋಶದೊಳಗೆ ಆಕ್ಟಿನ್ ಎಳೆಗಳು
ಈ ತುದಿ ಹೆಣೆದುಕೊಳ್ಳುತ್ತ ಆ ತುದಿ ಬಿಚ್ಚಿಕೊಳ್ಳುತ್ತ
ನಿಂತಲ್ಲಿ ನಿಲ್ಲದೆ ಸರಿಯುವಾಗ
ಎರಡರ ನಡುವೆ ಇದು ಕೈ ಚಾಚುತ್ತದೆ,
ಎರಡೂ ಕಡೆ.

ಮೊದಲ ಸಲ ಓದಿದಾಗ ಹೊಸದೆನಿಸಲಿಲ್ಲ.
ಇಳಕಲ್ಲಿನಲ್ಲಿ ನಮ್ಮ ಸಣ್ಣವ್ವ ಗುರಬಸವ್ವ
ಒಡಲ ಹಾಸಿಗೆ ಸೆರಗಿನ ಹಾಸು ಕೂಡಿಸುತ್ತಿದ್ದಳು,
ಹತ್ತಿಯ ಕುಣಿಕೆಯೊಳಗೆ ರೇಶಿಮೆಯ ಕುಣಿಕೆ,
ಒಂದೊಂದೇ ಕೊಂಡಿ, ಸಾವಿರಗಟ್ಟಲೆ.
ಬಾಯಿ ತುಂಬ ಎಲೆಯಡಿಕೆ. ಮಾತಿಲ್ಲ.
ತೋಪು ತೆನಿಯ ಕೆಂಪನ್ನು ಹೊಗಳುವವರು
ಅದು ಎಲ್ಲಿ ಕೂಡಿತೆಂದು ಹುಡುಕಿದ್ದನ್ನು ನಾನು ಕಂಡಿಲ್ಲ.

ಐವತ್ತೆರಡಕ್ಕೆ ಅವಳ ಎದೆ ಸಡಿಲಾಯಿತು.
ಸ್ನಾಯು ಹಿಗ್ಗಿ ಚೀಲವಾಗಿದೆ ಅಂದರು ಡಾಕ್ಟರು,
ಜಗ್ಗುವ ಎಳೆಗಳಲ್ಲೆಲ್ಲೋ ಬಿಗಿ ತಪ್ಪಿದೆ ಅಂದರು.
ಅದಕ್ಕೇ ಈ ಕೆಲಸಕ್ಕೆ ಬಂದೆ ಎಂದರೆ ಕತೆ ಚೆನ್ನಾಗಿರುತ್ತದೆ.
ಬಂದದ್ದು ಸಂಬಳಕ್ಕೆ.

ಜನರೇಟರು ಕೆಮ್ಮಿತು. ದೀಪ ಬಂತು.
ಸೂಕ್ಷ್ಮದರ್ಶಕದ ಕತ್ತಲಲ್ಲಿ ಎಳೆಗಳು
ಬಣ್ಣ ಕುಡಿದು ಬಿಡಿಬಿಡಿಯಾಗಿ ನಡುಗುತ್ತಿದ್ದವು.
ಒಂದು ಹನಿ ಬಿಟ್ಟೆ.
ನಿಮಿಷವಾಯಿತು, ಎರಡಾಯಿತು.
“ಸೆಕೆಗೆ ಕೆಟ್ಟಿರಬೇಕ್ ಬಿಡ್ರಿ.”
ತಡಿ ಅಂದೆ. ಒಂದು ಎಳೆ ಪಕ್ಕದ್ದರ ಮೈಗೆ ವಾಲಿತು,
ಬಿಡಲಿಲ್ಲ.
ಇನ್ನೊಂದು. ಆಮೇಲೆ ಮೂರು ಒಟ್ಟಿಗೆ.

ರಿಜಿಸ್ಟರಿನಲ್ಲಿ ತಾರೀಖು, ಲಾಟ್ ನಂಬರು,
ಷರಾ ಎಂಬಲ್ಲಿ ಕೈ ತಾನೇ ಬರೆಯಿತು: ಕೊಂಡಿ ಬಿತ್ತು.
ಸಾಹೇಬರು ಕೇಳಿದರೆ ತಿದ್ದಿದರಾಯಿತು.
ದಾವಲಸಾಬ ಉಳಿದ ಒಣ ಐಸನ್ನು
ನೀರಿನ ಬಕೆಟ್ಟಿಗೆ ಸುರಿದು
ಹೊಗೆ ನೋಡುತ್ತ ನಿಂತಿದ್ದ.