ಒಂದು ಗುಂಡಿಯಷ್ಟು ದೂರ

ಮಕಿನಾ ಗಿರ್‌ಗಿರ್ ಬೀದಿಯ ಬಾಯಲ್ಲೇ
ಅಬ್ದೋಶನ ನೀಲಿ ಪ್ಯೂಜೋ ಕೆಟ್ಟು ನಿಂತಿದೆ.
ನಾನೂರ ನಾಲ್ಕು ಅಂದರೆ ಹರಾರಿನಲ್ಲಿ ಮಕ್ಕಳಿಗೂ ಗೊತ್ತು;
ನನಗಿಂತ ಎರಡು ವರ್ಷ ಹಿರಿಯ ಬಂಡಿ.
ಸ್ಟಾರ್ಟರ್ ತಿರುಗುತ್ತದೆ ಗರಗರ ಗರಗರ,
ಎಂಜಿನ್ ಮಾತ್ರ ಹ್ಞೂಂ ಅನ್ನುವುದಿಲ್ಲ.
ಪೆಟ್ರೋಲು ಉಂಟು, ಮೂಗೇ ಹೇಳುತ್ತದೆ.
ಇಲ್ಲದ್ದು ಕಿಡಿ.

ಹಿಂದಿನ ಸೀಟಿನಲ್ಲಿ ಅಯಾಂಟು,
ಅವದಾಯ್ ಸಂತೆಯ ಖಾತ್ ಸೊಪ್ಪಿನ ಕಟ್ಟುಗಳ ನಡುವೆ.
ಬಾಳೆಲೆ ಬಿಚ್ಚಿ ನೀರು ಚಿಮುಕಿಸುತ್ತಾಳೆ, ಮತ್ತೆ ಮುಚ್ಚುತ್ತಾಳೆ.
ಮಧ್ಯಾಹ್ನ ದಾಟಿದರೆ ಸೊಪ್ಪು ಬಾಡುತ್ತದೆ,
ಬಾಡಿದ್ದನ್ನು ಆಡಷ್ಟೇ ಮೂಸೀತು.
‘ಇವಳ ನೀರೇ ಒಳಗಿಳಿದಿದೆ’ ಅಂದ ಅಬ್ದೋಶ್.
ನಾನೂ ತಲೆಯಾಡಿಸಿದೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನೀರು ಇದ್ದದ್ದು ಹಿಂದೆ, ಎಂಜಿನ್ ಇರುವುದು ಮುಂದೆ,
ಇಬ್ಬರಿಗೂ ಗೊತ್ತಿತ್ತು.

ಆದರೂ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒರೆಸಿದೆ,
ಒರೆಸಲು ಏನೂ ಇರಲಿಲ್ಲ.
ಕಾಯಿಲ್‌ನ ದಪ್ಪ ತಂತಿಯನ್ನು ಕಬ್ಬಿಣದಿಂದ
ಜೋಳದ ಕಾಳಿನಷ್ಟು ದೂರ ಹಿಡಿದು ‘ತಿರುಗಿಸು’ ಅಂದೆ.
ಗರಗರ. ಕಾಳಿನಷ್ಟು ಕತ್ತಲು ಕತ್ತಲಾಗಿಯೇ ಉಳಿಯಿತು.

ನನ್ನಲ್ಲೊಂದು ದೀಪವಿದೆ, ಪುಟ್ಟ ಬಲ್ಬಿಗೆ ಬೆಸೆದ ಎರಡು ತಂತಿ;
ಮನುಷ್ಯರಿಗಿಂತ ನಂಬಿಕಸ್ತ.
ಕಾಯಿಲ್‌ಗೆ ಕರೆಂಟು ಬರುವ ಕಡೆ ಮುಟ್ಟಿಸಿದೆ: ಬೆಳಗಿತು.
ಹೊರಡುವ ಕಡೆ: ಇಲ್ಲ.
ಪಾಯಿಂಟುಗಳ ತುಟಿ ಬಿಡಿಸಿ ನಡುವೆ ರಟ್ಟು ತೂರಿಸಿದೆ. ಆಗಲೂ ಇಲ್ಲ.
ಡಿಸ್ಟ್ರಿಬ್ಯೂಟರಿನಿಂದ ತಂತಿ ಕಿತ್ತೆ,
ದೀಪ ಥಟ್ಟನೆ ಕಣ್ಣು ಬಿಟ್ಟಿತು.
ಕಿತ್ತ ತುದಿಯನ್ನು ಬಾಡಿಗೆ ತಾಕಿಸಿ ತೆಗೆದರೆ
ಅತ್ತ ದಪ್ಪ ತಂತಿಯಲ್ಲಿ ಬಡಕಲು ನೀಲಿ ಕಿಡಿ, ಚಟ್!
ಕಾಯಿಲ್ ಬದುಕಿದೆ.
ಕಳ್ಳ ಒಳಮನೆಯಲ್ಲಿದ್ದಾನೆ.
ಕಂಡೆನ್ಸರ್ ಬಿಚ್ಚಿ ನೋಡಿದೆ. ಅದಲ್ಲ.

ಆಗ ನನ್ನ ಕೈ ನಿಧಾನವಾಯಿತು.

ಕಿಡಿ ಹುಟ್ಟುವುದು ಕೂಡುವಾಗ ಅಲ್ಲ, ಅಗಲುವಾಗ.
ಅಗಲಲು ಬಿಡದೆ ಎಲ್ಲೋ ಕಬ್ಬಿಣ ಕಬ್ಬಿಣವನ್ನು ಹಿಡಿದುಕೊಂಡಿದೆ.
ಈ ತಿರುಪಿನ ಅಡಿಯಲ್ಲೊಂದು ಕರಿ ವಾಷರ್ ಇರಬೇಕು,
ಇಬ್ಬರ ನಡುವೆ ಅಡ್ಡ ಕೂರುವ ಹಿರಿಯನ ಹಾಗೆ.
ಹೋದ ತಿಂಗಳು ಅದು ನನ್ನ ಬೆರಳಿಂದ ಜಾರಿ ಎಲ್ಲೋ ಉರುಳಿತ್ತು.
ಕತ್ತಲಾಗಿತ್ತು, ಹಸಿವಾಗಿತ್ತು,
ಸಿಗರೇಟು ಪೊಟ್ಟಣ ಕತ್ತರಿಸಿ ಇಟ್ಟು ಬಿಗಿದಿದ್ದೆ.
ಹೌದು, ನಾನೇ.
ಎಣ್ಣೆ ಕುಡಿದು, ಕಾದು, ತೂತು ಬಿದ್ದ ಆ ಕಾಗದ
ಈಗ ನನ್ನ ಉಗುರಿಗೆ ಅಂಟಿಕೊಂಡು ಬಂತು.

ಎದುರು ಜಗಲಿಯಲ್ಲಿ ದರ್ಜಿ ಅದುಸ್ ಮೆಷಿನ್ ತುಳಿಯುತ್ತಿದ್ದ.
‘ಒಂದು ಗುಂಡಿ ಕೊಡು.’
‘ಅಂಗಿಯದೋ ಕೋಟಿನದೋ?’
‘ಅಂಗಿಯದು.’
‘ಯಾವ ಬಣ್ಣ?’
ಬಂಡಿ ನೀಲಿ ಅಂದೆ. ನೀಲಿಯದನ್ನೇ ಹುಡುಕಿ ಕೊಟ್ಟ.
ಕಾಯಿಸಿದ ದಬ್ಬಳದಿಂದ ನಾಲ್ಕು ಕಣ್ಣನ್ನು ಒಂದು ಮಾಡಿ,
ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿ, ತಿರುಪಿನಡಿ ಕೂರಿಸಿದೆ.

ಗರ್‌ ಎನ್ನುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತು.
ಮುದುಕ ಕೆಮ್ಮಿ ಎದ್ದು ಕೂತ ಹಾಗೆ.

‘ನನ್ನ ನೀರೇನಾ?’ ಕೇಳಿದಳು ಅಯಾಂಟು.
‘ನೀರಲ್ಲ’ ಅಂದೆ, ಅಬ್ದೋಶನಿಗೂ ಕೇಳುವಷ್ಟು ಜೋರಾಗಿ.
‘ಮತ್ತೇನು?’ ಅಂದ ಅವನು.
‘ಸಣ್ಣದು.’
ದುಡ್ಡು ಬೇಡ ಅಂದದ್ದೇ ತಪ್ಪಾಯಿತು:
ಹತ್ತು ವರ್ಷದಲ್ಲಿ ಮೊದಲ ಸಲ
ಅಬ್ದೋಶ್ ನನ್ನನ್ನು ಅನುಮಾನದಿಂದ ನೋಡಿದ.
ಬಂಡಿ ಇಳಿಜಾರಿನಲ್ಲಿ ಮರೆಯಾಯಿತು,
ಹಿಂದಿನ ಕಿಟಕಿಯಿಂದ ಬಾಳೆಲೆಯ ಚೂರು ಅಲುಗುತ್ತಾ.

ಕಾಗದದ ಚೂರು ಜೇಬಿನಲ್ಲಿದೆ.
ಬೀದಿ ತುಂಬ ಮೆಷಿನ್ನುಗಳು, ಗಿರ್‌ಗಿರ್, ಗಿರ್‌ಗಿರ್.
ಅದುಸ್ ಗುಂಡಿಯ ದುಡ್ಡು ಕೇಳಿದ.
ಕೊಟ್ಟೆ.