ಇಳಿಜಾರು

ಮಂಗಳವಾರ ನಾಲ್ಕೂವರೆಗೆ ಬರುತ್ತಾನೆ ಟಾರ್ಕ್ವಿಲ್ ಗೆಡೆಸ್.
ಪೋರ್ಟ್‌ಸಾಯ್ ಊರಿನ ಅರ್ಧ ಮನೆಗಳಿಗೆ
ಸ್ಲೇಟು ಹೊದಿಸಿದ ಕೈ ಅವನದು.
ಈಗ ಅರವತ್ತಾರು. ಮಂಡಿ ಏಣಿಗೆ ಒಲ್ಲೆ ಎಂದ ಮೇಲೆ
ಗಾಲ್ಫ್ ಕಲಿಸು ಇಸಬೆಲ್ ಎಂದು ಬಂದ,
ಹಲ್ಲು ಕೀಳಿಸಿಕೊಳ್ಳಲು ಬಂದವನ ಮುಖ ಹೊತ್ತು.

ಅವನ ಚೆಂಡು ಮೊದಲು ನೇರ ಹೊರಡುತ್ತದೆ,
ನಂಬಿಸುತ್ತದೆ,
ಆಮೇಲೆ ಏನೋ ನೆನಪಾಗಿ ಬಲಕ್ಕೆ ಹೊರಳಿ
ಗಾರ್ಸ್ ಮುಳ್ಳಿನ ಹಳದಿಯೊಳಗೆ, ಇಲ್ಲವೇ ಸೀದಾ ಸಮುದ್ರಕ್ಕೆ.
ಒಂದು ತಿಂಗಳಿಗೆ ಮೂವತ್ತೆಂಟು ಚೆಂಡು.
ಸೀಲ್‌ಗಳೇ ಇಷ್ಟರಲ್ಲಿ ಕಲಿತಿರಬೇಕು, ಎಂದು
ಹುಲ್ಲು ಕತ್ತರಿಸುವ ಡೂಗಲ್ ಗೊಣಗುತ್ತಾನೆ.

ಎಲ್ಲ ಹೇಳಿ ನೋಡಿದೆ.
ಗಾಡಿಯ ಚಕ್ರವೊಂದು ವಾಲಿ ನಿಂತಿದೆ ಅಂದುಕೋ,
ಅದರ ಅಂಚಿನ ಮೇಲೇ ಕೋಲು ಹೋಗಬೇಕು, ಅಂಚಿನ ಮೇಲೇ ಬರಬೇಕು.
ಎಲ್ಲಿದೆ ಚಕ್ರ, ಎಂದು ಸುತ್ತ ನೋಡಿದ.
ಹಳೆಯ ಬಾಗಿಲೊಂದನ್ನು ಗೋಡೆಗೆ ಒರಗಿಸಿ ತೋರಿಸಿದೆ.
ತಿರುಗಣಿ ಹೋಗಿದೆಯಾ, ಎಂದ.

ಹಿಡಿತವೋ,
ಬೆರಳ ಗಂಟುಗಳೆಲ್ಲ ಸುಣ್ಣದ ಬಿಳಿ.
ಕೋಲಿಗೆ ಬಾಯಿದ್ದರೆ ಕೂಗಿಕೊಳ್ಳುತ್ತಿತ್ತು.
ಮೇಲೆ ಹೋದದ್ದೇ ತಡ ಕೈಗಳಿಗೆ ಗಾಬರಿ.
ಸೊಂಟ ತಿರುಗುವ ಮೊದಲೇ, ಭುಜ ಒಪ್ಪುವ ಮೊದಲೇ
ಹೊರಗಿನಿಂದ ಎಳೆದು ಕೆಡವುತ್ತವೆ
ಬೆಂಕಿ ಬಿದ್ದ ಮನೆಯ ಸಾಮಾನಿನಂತೆ.

ಮೊನ್ನೆ ಮಳೆ. ಷೆಡ್ಡಿನ ಹೊಸ್ತಿಲಲ್ಲಿ ನಿಂತೆವು.
ಎದುರಿಗೆ ಕ್ಲಬ್ಬಿನ ಮಾಡು.
ಸುಮ್ಮನೆ ಕೇಳಿದೆ: ಅದು ಎಷ್ಟು ಡಿಗ್ರಿ?
ಅಳೆಯಲಿಲ್ಲ ಅವನು. ಬಲಗೈ ಎತ್ತಿ
ಅಂಗೈಯನ್ನು ಗಾಳಿಯಲ್ಲಿ ವಾಲಿಸಿದ,
ಬೆಕ್ಕಿನ ಬೆನ್ನು ಸವರುವ ಹಾಗೆ.
ನಲವತ್ತೇಳು. ಉತ್ತರದ ಮಗ್ಗುಲು ನಲವತ್ತಾರು,
ತೊಲೆ ಕುಸಿದಿದೆ.

ಆ ಅಂಗೈ ಅಲ್ಲೇ ಇರಲಿ, ಎಂದೆ.
ಓಡಿ ಹೋಗಿ ಕೋಲು ತಂದು ಕೊಟ್ಟೆ.
ನಿನ್ನ ಹೆಗಲಿನಿಂದ ಚೆಂಡಿನವರೆಗೆ ಒಂದು ಮಾಡು ಇದೆ, ಟಾರ್ಕ್ವಿಲ್,
ಸ್ಲೇಟು ಹೊದಿಸಿಯಾಗಿದೆ, ಒಂದೂ ಒಡೆಯಬಾರದು.
ಅದರ ಮೈ ಸವರುತ್ತ ಹೋಗು, ಸವರುತ್ತ ಬಾ.
ಹಿಡಿಯ ತುದಿ ಚೆಂಡು ಕೂತ ಗೆರೆಯನ್ನೇ ಹುಡುಕಲಿ,
ಮಾಡಿನ ನೀರು ದೋಣಿಯನ್ನು ಹುಡುಕುತ್ತದಲ್ಲ.

ಕೋಲು ಇಳಿಜಾರಿನಲ್ಲೇ ಹೋಯಿತು. ಮೊದಲ ಸಲ.
ನೆತ್ತಿಯಲ್ಲಿ ನಿಂತಿತು.
ಈಗ ಕೈ ಸಡಿಲಿಸು, ಎಂದೆ.
ಸಡಿಲಾಗಲಿಲ್ಲ.

ಕೋಲು ಇಳಿಸಿ, ನನ್ನನ್ನು ನೋಡದೆ ಹೇಳಿದ:
ಎಂಬತ್ತಮೂರರ ಚಳಿಗಾಲ. ಬ್ಯಾಂಫ್‌ನಲ್ಲಿ ಒಂದು ಚರ್ಚು.
ಮಂಜು ಹೆಪ್ಪುಗಟ್ಟಿತ್ತು. ಫರ್ಗಸ್ ರೆನ್ನಿ ಜಾರಿದ.
ನನ್ನ ಕೈ ಅವನ ತೋಳಿನ ಮೇಲಿತ್ತು.
ಬಿಡಲಿಲ್ಲ. ಇಬ್ಬರೂ ದೋಣಿಯ ತನಕ ಬಂದು ನಿಂತೆವು.
ಈಗಲೂ ಇದ್ದಾನೆ, ಎಲ್ಗಿನ್‌ನಲ್ಲಿ ಮೀನಿನಂಗಡಿ.
ಮುಗಿಯಿತು ಅಂತ ಈ ಕೈಗೇ ಗೊತ್ತಾಗಿಲ್ಲ.

ಇಪ್ಪತ್ತೆರಡು ವರ್ಷ ಕಲಿಸಿದ ಮಾತುಗಳೆಲ್ಲ
ಒಟ್ಟಿಗೇ ಕೈಕೊಟ್ಟವು.
ಹಿಡಿದದ್ದಕ್ಕೇ ಒಂದು ಜೀವ ಉಳಿದಿರುವಾಗ
ಬಿಡು ಎನ್ನಲು ನಾನ್ಯಾರು?

ಕೊನೆಗೆ ಎಂದೆ: ಬಿಡಬೇಡ. ಹಿಡಿದಿರು.
ಆದರೆ ಬೀಳುವವನ ತೋಳಲ್ಲ ಇದು.
ಏಣಿ ಹತ್ತುವಾಗ ತುಟಿಯಲ್ಲಿ ಇಟ್ಟುಕೊಳ್ಳುತ್ತಿದ್ದೆಯಲ್ಲ ತಾಮ್ರದ ಮೊಳೆ,
ಉದುರದಷ್ಟು,
ನುಂಗದಷ್ಟು.

ನಕ್ಕ. ಮಳೆಯಲ್ಲೇ ಹೊರಗೆ ಹೋಗಿ ಒಂದು ಚೆಂಡು ಇಟ್ಟ.
ಕೈಗಳು ಮಾಡು ಹತ್ತಿದವು,
ಹೊಗೆಗೂಡಿನ ಮೇಲೆ ಕಡಲಹಕ್ಕಿಯಾಗಿ ಒಂದು ಗಳಿಗೆ ಕೂತವು.
ಸೊಂಟ ಮೊದಲು ತಿರುಗಿತು.
ಆಮೇಲೆ, ಯಾರೂ ಎಳೆಯದೆ, ಬಂದವು.

ಶಬ್ದವೇ ಬೇರೆ. ಇಬ್ಬರಿಗೂ ಕೇಳಿಸಿತು.
ಚೆಂಡು ಬಲಕ್ಕೇ ಹೋಯಿತು, ಸುಳ್ಳೇಕೆ ಹೇಳಲಿ,
ಆದರೆ ನಾಲ್ಕೇ ಗಜ. ಹುಲ್ಲಿನ ಮೇಲೇ ಬಿತ್ತು.
ಅವನು ಅದನ್ನು ನೋಡಲಿಲ್ಲ.
ಅಂಗೈ ಬಿಚ್ಚಿ ಮಳೆಗೆ ಹಿಡಿದು
ಕ್ಲಬ್ಬಿನ ಮಾಡನ್ನೇ ನೋಡುತ್ತ ಎಂದ:
ಆ ಉತ್ತರದ ತೊಲೆ ಬದಲಿಸಲು ಹೇಳು, ಇಸಬೆಲ್.
ಈ ಚಳಿಗಾಲ ತಡೆಯುವುದಿಲ್ಲ.